ಟಿಟಿ ನಿಂತೋಯ್ತು, ಪಾರ್ಟ್ ನಂಬರ್ ನಿಂತಿಲ್ಲ

ತಿಪಟೂರು ಕಡೆಯಿಂದ ಒಂದು ಆಡಿ ಟಿಟಿ ಸ್ಪೋರ್ಟ್ಸ್ ಕಾರು ನಮ್ಮ ಗ್ಯಾರೇಜಿಗೆ ಬಂತು, ಬಂತು ಅನ್ನೋದಕ್ಕಿಂತ ಫ್ಲಾಟ್‌ಬೆಡ್ ಮೇಲೆ ಮಲಗಿಸ್ಕೊಂಡು ತಂದ್ರು ಅನ್ನಿ. 2012ರ ಗಾಡಿ, ಕೊಬ್ಬರಿ ವ್ಯಾಪಾರದ ಮನೆ ಹುಡುಗ ಬೆಂಗಳೂರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಎದುರಿಂದ ಬಂದ ಟ್ರ್ಯಾಕ್ಟರ್ ಟ್ರೈಲರ್ ಬಲಗಡೆ ಉಜ್ಕೊಂಡು ಹೋಗಿ ಫೆಂಡರು, ಹೆಡ್‌ಲೈಟು ಎರಡೂ ಪೀಸು, ಕೆಳಗಡೆ ಚಕ್ರ ಹಿಡ್ಕೊಳ್ಳೋ ಲೋಯರ್ ಆರ್ಮೂ ಬೆಂಡು.

"ಅಣ್ಣಾ, ಈ ಮಾಡ್ಲೇ ನಿಂತೋಗಿದೆಯಂತೆ, ಇನ್ನು ಪಾರ್ಟ್ ಸಿಗಲ್ಲ ಅಂತಾರೆ, ಗುಜರಿಗೆ ಹಾಕೋದೇನಾ" ಅಂದ.

ನಿಂತಿರೋದು ನಿಜಾನೇ. 1998ರಲ್ಲಿ ಶುರುವಾದ ಟಿಟಿ 2023ರ ನವೆಂಬರ್‌ನಲ್ಲಿ ಹಂಗೇರಿಯ ಗ್ಯೋರ್ ಫ್ಯಾಕ್ಟರೀಲಿ ಕೊನೇ ಗಾಡಿ ಇಳಿಸಿ ಮುಗೀತು, ಈ ಹುಡುಗನ್ದು ಎರಡನೇ ಜನರೇಷನ್, ಅದು 2014ಕ್ಕೇ ಮುಗಿದಿತ್ತು. ಆದ್ರೆ ನಾನು ಹತ್ತು ವರ್ಷ ಡೀಲರ್ ಪಾರ್ಟ್ಸ್ ಕೌಂಟರಲ್ಲಿ ಕೂತು ಬಂದೋನು, ಆಮೇಲೆ ತುಮಕೂರಿಗೆ ಬಂದು ಗ್ಯಾರೇಜ್ ಹಾಕಿದ್ದು, ಆ ಕೌಂಟರಿನ ಕಂಪ್ಯೂಟರಿಗೆ ಕಾರು ಅನ್ನೋದೇ ಗೊತ್ತಿಲ್ಲ ಕಣ್ರೀ, ಅದಕ್ಕೆ ಗೊತ್ತಿರೋದು ನಂಬರ್ ಒಂದೇ.

ಆಡಿ, ಸ್ಕೋಡಾ ಎರಡೂ ಸೇರಿರೋ ಫೋಕ್ಸ್‌ವ್ಯಾಗನ್ ಗ್ರೂಪಿನ ಪಾರ್ಟ್ ನಂಬರ್ ಮೂರು ಮೂರು ಮೂರಾಗಿ ಇರುತ್ತೆ. ಮೊದಲ ಮೂರು ಆ ಪಾರ್ಟ್ ಯಾವ ಮಾಡಲ್‌ಗೆ, ಇಂಜಿನ್ ಪಾರ್ಟ್ ಆದ್ರೆ ಯಾವ ಇಂಜಿನ್‌ಗೆ ಅಂತ ಹುಟ್ಟಿದ್ದು ಅಂತ ಹೇಳುತ್ತೆ, ನಡುವಿನ ಮೂರರಲ್ಲಿ ಮೊದಲ ಅಂಕಿ 1 ಇದ್ರೆ ಇಂಜಿನ್, 4 ಮುಂದಿನ ಆಕ್ಸಲ್, 6 ಬ್ರೇಕು ವೀಲು, 8 ಬಾಡಿ, 9 ಎಲೆಕ್ಟ್ರಿಕಲ್. ಕೊನೇಲಿ ಒಂದು ಅಕ್ಷರ ಬಂದ್ರೆ ಅದು ತಿದ್ದಿದ ವರ್ಷನ್ನು. ಎರಡನೇ ಟಿಟಿದು 8ಜೆ0. ಆದ್ರೆ ಗಾಡಿ ಕೆಳಗೆ ಹೋಗಿ ನೋಡಿದ್ರೆ ಎಷ್ಟೋ ಕಡೆ 1ಕೆ0 ಅಂತ ಕಾಣ್ಸುತ್ತೆ, ಅದು ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರಿನ ಐದನೇ ಜನರೇಷನ್ನಿನ ನಂಬರು. ಟಿಟಿ ಅದೇ ಪ್ಲಾಟ್‌ಫಾರಂ, ಅಂದ್ರೆ ಅದೇ ತಳಪಾಯದ ಮೇಲೆ ನಿಂತಿರೋದು, ನಮ್ಮೂರಲ್ಲಿ ಇವತ್ತಿಗೂ ಓಡಾಡೋ ಸ್ಕೋಡಾ ಲಾರಾನೂ ಅದೇ. ಇವನ ಗಾಡಿಯ ಆಯಿಲ್ ಫಿಲ್ಟರ್ ನಂಬರ್ 06ಜೆ 115 403, ಅದೇ ಫಿಲ್ಟರ್ 1.8 ಟಿಎಸ್‌ಐ ಪೆಟ್ರೋಲ್ ಇಂಜಿನ್ ಇರೋ ಲಾರಾಕ್ಕೂ ಕೂರುತ್ತೆ. ಅಂದ್ರೆ ಟಿಟಿ ನಿಂತೋಯ್ತು ಅಂತ ಅಳೋ ಮೊದ್ಲು ಲಾರಾ ಪಾರ್ಟ್ ಇದೆಯಾ ಅಂತ ಕೇಳಿ. ಸ್ಕೋಡಾ ಡಬ್ಬಿ, ಆಡಿ ಡಬ್ಬಿ ಎರಡರದೂ ರೇಟ್ ತಗೊಳ್ಳಿ, ಒಳಗಿರೋದು ಒಂದೇ ಆದ್ರೂ ಬಿಲ್ ಒಂದೇ ಇರಬೇಕು ಅಂತೇನಿಲ್ಲ. ಜಿಎಸ್‌ಟಿ ಮಾತ್ರ 2025ರ ಸೆಪ್ಟೆಂಬರ್ 22ರಿಂದ ಎಲ್ಲಾ ಆಟೋ ಪಾರ್ಟಿಗೂ 18 ಪರ್ಸೆಂಟೇ, ಯಾರಾದ್ರೂ ಹಳೇ 28 ಹಾಕಿ ಕೊಟೇಷನ್ ಕೊಟ್ರೆ ವಾಪಸ್ ಕಳ್ಸಿ.

ಆರ್ಮು, ಬುಶ್ಶು, ಬಾಲ್ ಜಾಯಿಂಟಿಗೆ ಡೀಲರೇ ಬೇಕಂತಿಲ್ಲ. ಕಂಪನಿಗೆ ಮಾಡಿಕೊಡೋರು ಲೆಮ್‌ಫೋರ್ಡರ್ ಥರದೋರೇ, ಬೆಂಗಳೂರಿನ ಜೆಸಿ ರೋಡಲ್ಲಿ ಅವರ ಡಬ್ಬೀಲಿ ಸಿಕ್ಕಿದ್ರೆ ಪಾರ್ಟ್ ತಿರುಗಿಸಿ ನೋಡಿ, ಎಷ್ಟೋ ಸಲ ಕಾರ್ ಕಂಪನಿ ಮಾರ್ಕ್ ಇದ್ದ ಜಾಗಾನ ಗ್ರೈಂಡರ್ ಹಿಡಿದು ಉಜ್ಜಿ ತೆಗೆದಿರ್ತಾರೆ. ಉಜ್ಜಿದ ಗುರುತು ಕಂಡ್ರೆ ನನಗೆ ಖುಷಿ, ಕಂಪನಿಗೆ ಹೋಗೋ ಅದೇ ಪಾರ್ಟ್ ಅಂತ.

ನಿಜವಾದ ತಲೆನೋವು 8 ಮತ್ತೆ 9. ಫೆಂಡರ್, ಗ್ಲಾಸ್, ಲೈಟ್, ಡೋರ್ ರಬ್ಬರ್, ಇವು ಬರೀ ಟಿಟಿಗೇ ಹುಟ್ಟಿದ್ದು, ಲಾರಾ ಬಂದು ಕಾಪಾಡಲ್ಲ. ಫೆಂಡರ್ ವಿಷ್ಯದಲ್ಲಿ ನಮ್ಮ ಟಿಂಕರ್ "ಬಿಡಿ ಸಾರ್, ಬಡಿದು ಸರಿ ಮಾಡ್ತೀನಿ" ಅಂತ ಗ್ಯಾಸ್ ಹಚ್ಚೋಕೆ ಹೊರಟಿದ್ದ. ಡ್ರಾಯರಿಂದ ಮ್ಯಾಗ್ನೆಟ್ ತೆಗೆದು ಕೊಟ್ಟೆ. ಡೋರಿಗೆ ಟಪ್ ಅಂತ ಕಚ್ಕೊಳ್ತು, ಫೆಂಡರಿಗೆ ಇಟ್ರೆ ಜಾರಿ ಕೆಳಗೆ ಬಿತ್ತು. ಮೂರು ಸಲ ಇಟ್ಟು ನೋಡ್ದ ಪುಣ್ಯಾತ್ಮ. ಎರಡನೇ ಟಿಟಿಯ ಮುಂಭಾಗ ಅಲ್ಯೂಮಿನಿಯಂ, ಡೋರು ಡಿಕ್ಕಿ ಸ್ಟೀಲು. ಅಲ್ಯೂಮಿನಿಯಂ ಸುಮಾರು 660 ಡಿಗ್ರೀಲಿ ಕರಗುತ್ತೆ, ಅದಕ್ಕೆ ಮುಂಚೆ ಕೆಂಪಗಾಗಿ ಸುಳಿವೂ ಕೊಡಲ್ಲ, ನೋಡ್ತಾ ನೋಡ್ತಾನೇ ತೂತು. ಸ್ಟೀಲ್ ಬಡಿದ ಸುತ್ತಿಗೇನ ಅದರ ಮೇಲೆ ಹಾಕಿದ್ರೂ ಸ್ಟೀಲ್ ಪುಡಿ ಒಳಗೆ ಕೂತು ಆಮೇಲೆ ಪೇಂಟ್ ಗುಳ್ಳೆ ಏಳುತ್ತೆ. ಹಂಗಾಗಿ ಅದು ಹೊಸಾದೇ ಬೇಕು.

ಹೆಡ್‌ಲೈಟಲ್ಲಿ ನಾನೇ ಒಂದ್ಸಲ ಬುದ್ಧಿ ಕಲ್ತಿದ್ದೀನಿ. ಹಿಂದೆ ಬೇರೆ ಒಂದು ಗಾಡಿಗೆ ಕಮ್ಮಿಗೆ ಸಿಗುತ್ತೆ ಅಂತ ಜರ್ಮನಿಯಿಂದ ಹಳೇ ಲೈಟ್ ತರಿಸಿ ಹಾಕ್ದೆ, ಹಗಲೆಲ್ಲಾ ಸೂಪರ್, ರಾತ್ರಿ ಕುಣಿಗಲ್ ರೋಡಿಗೆ ತಗೊಂಡೋದ್ರೆ ಎದುರಿಂದ ಬರೋ ಲಾರಿಯೋರೆಲ್ಲಾ ಡಿಮ್ ಡಿಪ್ ಹೊಡ್ಕೊಂಡು ಬೈಕೊಂಡೇ ಹೋಗೋರು. ವಾಪಸ್ ಬಂದು ಗೋಡೆ ಮುಂದೆ ನಿಲ್ಲಿಸಿ ನೋಡಿದ್ರೆ ಬೆಳಕಿನ ಗೆರೆ ಬಲಗಡೆ ಮೇಲಕ್ಕೆ ಏರಿದೆ. ಅವರು ರೋಡಿನ ಬಲಗಡೆ ಓಡಿಸೋರು, ಅವರ ಲೈಟಿಗೆ ಬಲಗಡೆ ರೋಡ್ ಅಂಚು, ನಮಗೆ ಬಲಗಡೆ ಎದುರು ಬರೋನ ಕಣ್ಣು. ಸ್ಕ್ರೂ ತಿರುಗಿಸಿದ್ರೆ ಸರಿಹೋಗೋದಲ್ಲ ಅದು. ಹಳೇದು ತರಿಸೋದೇ ಆದ್ರೆ ಇಂಗ್ಲೆಂಡ್ ಅಥವಾ ಜಪಾನಿನಲ್ಲಿ ಓಡಿದ ಗಾಡೀದೇ ನೋಡಿ, ಅವರೂ ನಮ್ಮ ಥರಾನೇ ಎಡಗಡೆ ಓಡ್ಸೋದು.

ಕೌಂಟರಿಗೆ ಹೋದಾಗ "ಟಿಟಿ ಹೆಡ್‌ಲೈಟ್ ಇದೆಯಾ" ಅಂತ ಕೇಳಿದ್ರೆ ಇಲ್ಲ ಅನ್ನೋದು ಸುಲಭ. ಚಾಸಿ ನಂಬರ್ ಹದಿನೇಳೂ ಅಕ್ಷರ ಬರ್ಕೊಂಡು ಹೋಗಿ, ಟಿಟಿದು ಟಿಆರ್‌ಯು ಅಂತ ಶುರುವಾಗುತ್ತೆ. ಡಿಕ್ಕಿ ಕಾರ್ಪೆಟ್ ಎತ್ತಿದ್ರೆ ಒಂದು ಬಿಳಿ ಸ್ಟಿಕರ್ ಇರುತ್ತೆ, ಮೂರ್ಮೂರು ಅಕ್ಷರದ ಕೋಡುಗಳು, ಅದರ ಫೋಟೋನೂ ತಗೊಳ್ಳಿ, ಯಾವ ಬ್ರೇಕು ಯಾವ ಲೈಟು ಅಂತ ಅದೇ ಹೇಳೋದು. ಆಮೇಲೆ ಕೇಳ್ಬೇಕಾದ್ದು ಎರಡೇ: ಈ ನಂಬರಿಗೆ ಬದಲಿ ನಂಬರ್ ಬಂದಿದೆಯಾ, ಬೇರೆ ಡೀಲರ್ ಹತ್ರ ಮೂವ್ ಆಗದೆ ಬಿದ್ದಿರೋ ಸ್ಟಾಕ್ ಇದೆಯಾ. ಎರಡನೇದು ಕೇಳೋರೇ ಇಲ್ಲ, ಡೆಡ್ ಸ್ಟಾಕ್ ಅಂದ್ರೆ ಸ್ಟೋರ್ ಇನ್‌ಚಾರ್ಜ್‌ಗೆ ಹೊರೆ, ನಿಮಗೆ ನಿಧಿ. ಹೊರದೇಶದ ಆರ್ಡರ್ ಆದ್ರೆ ಸಾಮಾನ್ಯವಾಗಿ ಪೂರ್ತಿ ಅಡ್ವಾನ್ಸು, ವಾಪಸ್ ತಗೊಳ್ಳಲ್ಲ, ಹಂಗಾಗಿ ಎಡ ಬಲ ಎರಡು ಸಲ ನೋಡಿ. ಇವರ ನಂಬರಲ್ಲಿ ಕೊನೇ ಅಂಕಿ ಬೆಸ ಇದ್ರೆ ಎಡ, ಸಮ ಇದ್ರೆ ಬಲ.

ಹುಡುಗನಿಗೆ ಬೇಕಾಗಿದ್ದು ಎರಡೂ ಬಲಗಡೇವು. 8ಜೆ0 941 ಸಾಲಿನ ಲೈಟ್ ಬೇರೆ ರಾಜ್ಯದ ಡೀಲರ್ ಗೋಡೌನಲ್ಲಿ ಧೂಳು ಹಿಡಿದು ಕೂತಿತ್ತು, ನಾಲ್ಕೇ ದಿನಕ್ಕೆ ಬಂತು. 8ಜೆ0 821 106, ಫೆಂಡರ್, ಅದಿನ್ನೂ ದಾರೀಲಿದೆ. ಪ್ರತಿ ಸೋಮವಾರ ಫೋನ್ ಮಾಡ್ತಾನೆ, "ಅಣ್ಣಾ, ಬಂತಾ?"