ರಸ್ತೆ ದಾಟಿದರೆ ಕಾನೂನೇ ಬೇರೆ: ಹಳೆಯ ಶಾಂಘೈನ ಕಥೆ

ಕ್ರಿಮಿನಲ್ ಕೇಸು ಕೈಗೆ ಬಂದರೆ ವಕೀಲರಾದ ನಾವು ಮೊದಲು ಕೇಳುವುದು, ಘಟನೆ ಯಾವ ಸ್ಟೇಷನ್ ಲಿಮಿಟ್ಸ್‌ನಲ್ಲಿ ನಡೆಯಿತು ಅಂತ. ಹಳೆಯ ಶಾಂಘೈನಲ್ಲಿ ಅಷ್ಟು ಕೇಳಿದರೆ ಸಾಲುತ್ತಿರಲಿಲ್ಲ. ಆರೋಪಿ ಯಾವ ದೇಶದವನು ಅನ್ನೋದೂ ಗೊತ್ತಾಗಬೇಕಿತ್ತು. ಆ ಊರಿಗೆ ಕಾನೂನೇ ಇರಲಿಲ್ಲ ಅಂತ ಸುಮ್ನೆ ಹೇಳಿಬಿಡುತ್ತಾರೆ. ನಿಜ ಹೇಳಬೇಕೆಂದರೆ ಅಲ್ಲಿ ಕೋರ್ಟುಗಳೇ ಜಾಸ್ತಿಯಾಗಿದ್ದವು.

ಮೊದಲ ಅಫೀಮು ಯುದ್ಧದಲ್ಲಿ ಸೋತ ಚೀನಾ, 1842ರ ನಾನ್‌ಕಿಂಗ್ ಒಪ್ಪಂದದಂತೆ ಐದು ಬಂದರುಗಳನ್ನು ಬ್ರಿಟಿಷರ ವ್ಯಾಪಾರಕ್ಕೆ ತೆರೆಯಬೇಕಾಯಿತು. ಶಾಂಘೈ ಅದರಲ್ಲೊಂದು. ಮರುವರ್ಷ ಇನ್ನೊಂದು ಒಪ್ಪಂದವಾಯಿತು. ಬ್ರಿಟಿಷ್ ಪ್ರಜೆ ಚೀನಾದಲ್ಲಿ ಅಪರಾಧ ಮಾಡಿದರೂ ಶಿಕ್ಷೆ ಬ್ರಿಟಿಷ್ ಕಾನೂನಿನ ಪ್ರಕಾರವೇ! 1844ರಲ್ಲಿ ಅಮೆರಿಕ, ಫ್ರಾನ್ಸ್‌ಗಳೂ ಇದೇ ಹಕ್ಕು ಪಡೆದವು. ಆಮೇಲೆ ಇನ್ನೂ ಹಲವು ದೇಶಗಳು.

ಊರು ಮೂರು ಪಾಲಾಯಿತು. ಬ್ರಿಟಿಷ್, ಅಮೆರಿಕನ್ ಭಾಗಗಳು 1863ರಲ್ಲಿ ಒಂದಾಗಿ ಅಂತಾರಾಷ್ಟ್ರೀಯ ವಸಾಹತು ಆಯಿತು. ಅದರ ದಕ್ಷಿಣಕ್ಕೆ ಫ್ರೆಂಚರದ್ದು. ಉಳಿದದ್ದು ಚೀನಾದ್ದು. ಮೂರಕ್ಕೂ ಬೇರೆ ಬೇರೆ ಪೊಲೀಸು, ಬೇರೆ ತೆರಿಗೆ. ವಸಾಹತಿಗೂ ಫ್ರೆಂಚ್ ಭಾಗಕ್ಕೂ ನಡುವೆ ಇದ್ದ ಹಳ್ಳವನ್ನು ಮುಚ್ಚಿ ರಾಜ ಎಡ್ವರ್ಡ್ ಹೆಸರಿನ ದೊಡ್ಡ ರಸ್ತೆ ಮಾಡಿದರು. ಒಂದು ಬದಿಯ ಪಡೆಯಲ್ಲಿ ಪಂಜಾಬಿನಿಂದ ಕರೆತಂದ ಸಿಖ್ ಪೇದೆಗಳು, ಇನ್ನೊಂದು ಬದಿಯದರಲ್ಲಿ ವಿಯೆಟ್ನಾಂನಿಂದ ಬಂದವರು. ಜೇಬುಗಳ್ಳ ರಸ್ತೆ ದಾಟಿಬಿಟ್ಟರೆ ಹಿಂದೆ ಓಡಿ ಬಂದ ಪೇದೆಯ ಅಧಿಕಾರ ಅಲ್ಲಿಗೇ ಮುಗಿಯಿತು.

ದೊಡ್ಡ ಕಳ್ಳರಿಗೆ ಓಡುವ ಅಗತ್ಯವೂ ಇರಲಿಲ್ಲ. ಫ್ರೆಂಚ್ ಪೊಲೀಸರಲ್ಲಿ ಚೀನೀ ಪತ್ತೇದಾರರ ಮುಖ್ಯಸ್ಥನಾಗಿದ್ದ ಹುವಾಂಗ್ ಜಿನ್‌ರಾಂಗ್, ಗ್ರೀನ್ ಗ್ಯಾಂಗ್ ಎಂಬ ಭೂಗತ ಗುಂಪಿನ ನಾಯಕನೂ ಹೌದು. ಅವನ ಜೊತೆಗಾರ ಡು ಯುಶೆಂಗ್ ಅಫೀಮಿನಲ್ಲಿ ದುಡ್ಡು ಮಾಡಿ, ಕೊನೆಗೆ ಫ್ರೆಂಚ್ ನಗರಸಭೆಯಲ್ಲೇ ಕೂತ.

ಈಗ ರಿಕ್ಷಾ ಎಳೆಯುವವನ ಕಡೆಯಿಂದ ನೋಡಿ. ಪ್ರತಿ ಭಾಗಕ್ಕೂ ಬೇರೆ ಲೈಸೆನ್ಸ್. ಚೀನೀ ಭಾಗದ್ದು ಮಾತ್ರ ಇದ್ದರೆ ಗಿರಾಕಿಯನ್ನು ಗಡಿಯಲ್ಲೇ ಇಳಿಸಬೇಕು. ತಪ್ಪಿ ಒಳಗೆ ಹೋದರೆ ಪೊಲೀಸರು ಲೈಸೆನ್ಸ್ ಪ್ಲೇಟನ್ನೇ ಕಿತ್ತುಕೊಳ್ಳುತ್ತಿದ್ದರು. ಅಲ್ಲಿಗೆ ಅವತ್ತಿನ ದುಡಿಮೆ ಹೋಯಿತು. ಇವನಿಗೆ ಅಮೆರಿಕದವನೊಬ್ಬನ ಕಾರು ಗುದ್ದಿತು ಅಂದುಕೊಳ್ಳಿ. ಪರಿಹಾರ ಕೇಳಲು, 1906ರಲ್ಲಿ ಅಮೆರಿಕ ಚೀನಾಕ್ಕೆಂದೇ ತೆರೆದ ಕೋರ್ಟಿಗೆ ಹೋಗಬೇಕು. ಸೋತರೆ ಮೇಲ್ಮನವಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ! ಗುದ್ದಿದವನು ಬ್ರಿಟಿಷನಾಗಿದ್ದರೆ ಕೊನೆಯ ಮೇಲ್ಮನವಿ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ. ದಿನಗೂಲಿಯವನು ಇಷ್ಟು ದೂರ ಹೋಗುವ ಮಾತೇ ಇಲ್ಲ, ಅಲ್ವಾ? ನನಗೆ ಅತ್ಯಂತ ನೋವು ಕೊಡುವ ಸಂಗತಿ ಇದೇ. ಕಾಗದದ ಮೇಲೆ ಅವನಿಗೆ ಹಕ್ಕಿತ್ತು.

ಚೀನೀಯರೇ ಆರೋಪಿಗಳಾದರೆ ವಸಾಹತಿನಲ್ಲಿ ಮಿಶ್ರ ನ್ಯಾಯಾಲಯವಿತ್ತು. ಚೀನೀ ನ್ಯಾಯಾಧೀಶರ ಪಕ್ಕದಲ್ಲಿ ವಿದೇಶಿ ಅಧಿಕಾರಿಯೊಬ್ಬ ಕೂರುತ್ತಿದ್ದ. 1911ರ ಕ್ರಾಂತಿಯ ಗಲಾಟೆಯಲ್ಲಿ ಊರಿನಲ್ಲಿದ್ದ ವಿದೇಶಿ ಕಾನ್ಸಲ್‌ಗಳು, ಅಂದರೆ ಆಯಾ ದೇಶಗಳ ಸ್ಥಳೀಯ ಪ್ರತಿನಿಧಿಗಳು, ಆ ಕೋರ್ಟನ್ನೇ ತಮ್ಮ ಹಿಡಿತಕ್ಕೆ ತೆಗೆದುಕೊಂಡರು. ಅದರ ಫಲ 1925ರ ಮೇ 30ರಂದು ನಡೆದ ಘಟನೆಯಲ್ಲಿ ಕಾಣಿಸಿತು. ನಾನ್‌ಕಿಂಗ್ ರಸ್ತೆಯ ಪೊಲೀಸ್ ಠಾಣೆ ಮುಂದೆ ಪ್ರತಿಭಟಿಸುತ್ತಿದ್ದವರ ಮೇಲೆ, ಬ್ರಿಟಿಷ್ ಇನ್ಸ್‌ಪೆಕ್ಟರ್ ಒಬ್ಬರ ಆದೇಶದಂತೆ ಸಿಖ್ ಮತ್ತು ಚೀನೀ ಪೇದೆಗಳು ಗುಂಡು ಹಾರಿಸಿದರು. ಹಲವರು ಸತ್ತರು. ಬಂಧಿತ ವಿದ್ಯಾರ್ಥಿಗಳು ಕೆಲವೇ ದಿನಗಳಲ್ಲಿ ಮಿಶ್ರ ನ್ಯಾಯಾಲಯದ ಕಟಕಟೆ ಹತ್ತಿದರು. ಆದೇಶ ಕೊಟ್ಟವರನ್ನು ಮಾತ್ರ ಬ್ರಿಟಿಷ್ ಕೋರ್ಟೇ ವಿಚಾರಿಸಬೇಕಿತ್ತು. ಅವರ ಮೇಲೆ ಮೊಕದ್ದಮೆ ನಡೆಯಲಿಲ್ಲ.

ಚೀನಾದಲ್ಲಿರುವ ತಮ್ಮ ಪ್ರಜೆಗಳನ್ನು ತಮ್ಮದೇ ಕಾನೂನಿನಂತೆ ವಿಚಾರಿಸುವ ಹಕ್ಕನ್ನು ಬ್ರಿಟನ್, ಅಮೆರಿಕ ಬಿಟ್ಟುಕೊಟ್ಟದ್ದು 1943ರ ಜನವರಿಯಲ್ಲಿ. ಅಷ್ಟು ಹೊತ್ತಿಗೆ ಶಾಂಘೈ ಜಪಾನೀ ಸೇನೆಯ ವಶದಲ್ಲಿತ್ತು.