ಹಾವು ಬಾಯಿ ತೆರೆದು ಉಸಿರಾಡುತ್ತಿದೆ, ಶಾಖ ಕೊಟ್ಟರೆ ಸಾಕಾ?

ಪ್ರಶ್ನೆ: ನಾವು ಅಮೆರಿಕದ ಮಿಷಿಗನ್‌ನಲ್ಲಿದ್ದೇವೆ. ಮಗ ಒಂದು ಬಾಲ್ ಪೈಥಾನ್ (ಚಿಕ್ಕ ಜಾತಿಯ ಹೆಬ್ಬಾವು) ಸಾಕಿದ್ದಾನೆ. ಒಂದು ವಾರದಿಂದ ಅದು ಉಸಿರಾಡುವಾಗ ಕಟ್ ಕಟ್ ಅಂತ ಸದ್ದು ಬರುತ್ತಿದೆ, ಇಲಿ ಕೊಟ್ಟರೆ ಮುಟ್ಟುತ್ತಿಲ್ಲ. ನಿನ್ನೆಯಿಂದ ಬಾಯಿ ಸ್ವಲ್ಪ ತೆರೆದೇ ಇರುತ್ತೆ. ಟ್ಯಾಂಕ್‌ನ ಶಾಖ ಜಾಸ್ತಿ ಮಾಡಿದರೆ ತಾನಾಗೇ ಹೋಗುತ್ತೆ ಅಂತ ಅವನ ಸ್ನೇಹಿತರು ಹೇಳುತ್ತಾರೆ. ನಿಜವಾ?

ಉತ್ತರ: ಅರ್ಧ ನಿಜ. ಶಾಖ ಬೇಕೇ ಬೇಕು, ಇವತ್ತು ರಾತ್ರಿಯಿಂದಲೇ ಬೇಕು. ಆದರೆ ಬಾಯಿ ತೆರೆದು ಉಸಿರಾಡುವ ಹಂತಕ್ಕೆ ಬಂದ ಹಾವಿಗೆ ಬರೀ ಶಾಖ ಸಾಲದು. ವೆಟ್ (ಪಶುವೈದ್ಯರ) ಹತ್ತಿರ ಹೋಗಲೇಬೇಕು, ಅದೂ ಬೇಗ.

ಹಾವು ಉಸಿರಾಡುವುದು ಮೂಗಿನಿಂದ. ಊಟ ಆದಮೇಲೆ ದವಡೆ ಸರಿಮಾಡಿಕೊಳ್ಳಲು ಒಂದೆರಡು ಸಲ ಆಕಳಿಸುತ್ತಲ್ಲ, ಅದು ಬೇರೆ. ಸುಮ್ನೆ ಮಲಗಿರುವಾಗಲೂ ಬಾಯಿ ತೆರೆದಿದ್ದರೆ, ತಲೆಯನ್ನು ಮೇಲಕ್ಕೆತ್ತಿಯೇ ಇಟ್ಟುಕೊಂಡಿದ್ದರೆ, ಮೂಗಿನ ಹತ್ತಿರ ಗುಳ್ಳೆ ಅಥವಾ ಬಾಯಲ್ಲಿ ದಾರದ ಎಳೆಯಂಥ ಲೋಳೆ ಕಂಡರೆ, ಶ್ವಾಸಕೋಶಕ್ಕೆ ಸೋಂಕಾಗಿ ಗಾಳಿ ಸಾಲುತ್ತಿಲ್ಲ ಅಂತಲೇ ತಿಳಿಯಿರಿ. ಬರೀ ಸದ್ದು ಮಾತ್ರ ಇದ್ದಿದ್ದರೆ ಬೇರೆ ಒಂದು ಸಾಧ್ಯತೆಯೂ ಇತ್ತು. ಪೊರೆ ಬಿಡುವ ಸಮಯದಲ್ಲಿ ಕಣ್ಣು ನೀಲಿ ಬೂದಿ ಬಣ್ಣಕ್ಕೆ ತಿರುಗುತ್ತೆ, ಮೂಗಿನ ತೂತಿನಲ್ಲಿ ಹಳೇ ಪೊರೆಯ ಚೂರು ಸಿಕ್ಕಿಕೊಂಡು ಸಣ್ಣಗೆ ಸೀಟಿ ಹೊಡೆದ ಹಾಗೆ ಕೇಳಿಸುತ್ತೆ, ಪೊರೆ ಬಿಟ್ಟ ಮೇಲೆ ನಿಂತುಹೋಗುತ್ತೆ. ನಿಮ್ಮ ಹಾವಿನ ಕಥೆ ಅದಲ್ಲ ಅಂತ ಕಾಣುತ್ತೆ.

ಇಷ್ಟು ಅವಸರ ಯಾಕೆ ಅಂದರೆ, ಹಾವಿಗೆ ನಮ್ಮ ಹಾಗೆ ಕೆಮ್ಮಲು ಬರುವುದಿಲ್ಲ. ಕೆಮ್ಮಲು ಬೇಕಾದ ವಪೆಯೇ (ಎದೆ ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ) ಅದಕ್ಕಿಲ್ಲ, ಪಕ್ಕೆಲುಬಿನ ಸ್ನಾಯುಗಳಿಂದಲೇ ಉಸಿರು ಎಳೆದು ಬಿಡಬೇಕು. ಶ್ವಾಸಕೋಶ ಉದ್ದಕ್ಕೆ ಚಾಚಿಕೊಂಡಿರುವ ಚೀಲ. ಅದರ ಮುಂದಿನ ಭಾಗದಲ್ಲಿ ಮಾತ್ರ ರಕ್ತಕ್ಕೆ ಆಮ್ಲಜನಕ ಸೇರುತ್ತೆ, ಹಿಂದಿನದು ಬರೀ ಗಾಳಿ ತುಂಬುವ ಜಾಗ. ಕಫ ಅಲ್ಲಿಗೆ ಇಳಿದರೆ ಮೇಲೆ ಬರುವುದು ಕಷ್ಟ. ಸಾಲದ್ದಕ್ಕೆ ಹಾವಿನ ಕೀವು ನೀರಾಗಿ ಹರಿಯುವುದಿಲ್ಲ, ಗಿಣ್ಣಿನ ಹಾಗೆ ಗಟ್ಟಿಯಾಗಿ ಕೂತುಬಿಡುತ್ತೆ.

ಈಗ ಶಾಖದ ವಿಷಯ. ಬಾಲ್ ಪೈಥಾನ್ ಘಾನಾ, ಟೋಗೊ, ಬೆನಿನ್ ಕಡೆಯ ಹಾವು. ಹಾವಿನ ಮೈ ರೋಗದ ಜೊತೆ ಹೋರಾಡುವುದು ಹೊರಗಿನ ಬಿಸಿಯನ್ನು ನಂಬಿಕೊಂಡು, ಟ್ಯಾಂಕ್ ತಣ್ಣಗಾದರೆ ಅದರ ರೋಗ ನಿರೋಧಕ ಶಕ್ತಿಯೂ ಮಂದವಾಗುತ್ತೆ. ಬಿಸಿ ಬದಿ 88ರಿಂದ 92 ಡಿಗ್ರಿ ಫ್ಯಾರನ್‌ಹೀಟ್ ಇರಲಿ, ಅಂದರೆ 31ರಿಂದ 33 ಸೆಲ್ಸಿಯಸ್. ತಂಪು ಬದಿ ಹುಷಾರಾಗುವ ತನಕ 80 ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿಯದಿರಲಿ. ಆರೋಗ್ಯವಾಗಿದ್ದಾಗ ರಾತ್ರಿ ಸ್ವಲ್ಪ ಇಳಿದರೂ ನಡೆಯುತ್ತೆ, ಈಗ ಬೇಡ. ನಿಮ್ಮ ಕಡೆ ಚಳಿಗಾಲದಲ್ಲಿ ರಾತ್ರಿ ಮನೆಯ ಹೀಟರ್ ಇಳಿಸಿ ಮಲಗುತ್ತಾರಲ್ಲ, ಎಷ್ಟೋ ಸಲ ತೊಂದರೆ ಶುರುವಾಗುವುದೇ ಅಲ್ಲಿ. ಗಾಜಿಗೆ ಅಂಟಿಸುವ ಮುಳ್ಳಿನ ಥರ್ಮಾಮೀಟರ್ ನಂಬಬೇಡಿ. ಪ್ರೋಬ್ (ವೈರಿನ ತುದಿಯ ಸೆನ್ಸರ್) ಇರುವ ಡಿಜಿಟಲ್ ಒಂದು ತಂದು, ಹಾವು ಮಲಗುವ ಜಾಗದಲ್ಲೇ ಇಟ್ಟು, ಬೆಳಗಿನ ಜಾವ ಒಮ್ಮೆ ನೋಡಿ. ಹೀಟ್ ಪ್ಯಾಡ್ ಆಗಲಿ, ಬೆಳಕಿಲ್ಲದ ಸೆರಾಮಿಕ್ ಬಲ್ಬ್ ಆಗಲಿ, ಥರ್ಮೋಸ್ಟಾಟ್ ಇಲ್ಲದೆ ಹಾಕಲೇಬಾರದು. ಹೊಟ್ಟೆ ಸುಡುತ್ತಿದ್ದರೂ ಹಾವು ಅಲ್ಲೇ ಮಲಗಿರುತ್ತೆ, ಬೊಬ್ಬೆ ಬಂದ ಮೇಲೆ ನಮಗೆ ಗೊತ್ತಾಗುತ್ತೆ.

ತೇವಾಂಶ 60 ಶೇಕಡಾ ಆಸುಪಾಸು ಇರಲಿ. ನೆಗಡಿ ಅಲ್ವಾ ಅಂತ ಟ್ಯಾಂಕ್ ಪೂರ್ತಿ ಒಣಗಿಸುವವರಿದ್ದಾರೆ, ಅದರಿಂದ ಕಫ ಇನ್ನೂ ಗಟ್ಟಿಯಾಗುತ್ತೆ. ಹಾಗಂತ ತಳ ಒದ್ದೆಯಾಗಿ ಬೂಸ್ಟು ಹಿಡಿಯಲೂ ಬಾರದು. ತೆಂಗಿನ ನಾರಿನ ಪುಡಿ ಹಾಕಿದ್ದರೆ ತೆಗೆದು ಸದ್ಯಕ್ಕೆ ಪೇಪರ್ ಟವೆಲ್ ಹಾಸಿ. ಅದರ ಮೇಲೆ ಲೋಳೆ ಬಿದ್ದರೂ ಕಾಣುತ್ತೆ, ಮೈಟ್ ಅನ್ನುವ ಚುಕ್ಕೆಯಂಥ ಕಪ್ಪು ಹುಳ ಇದ್ದರೂ ಕಾಣುತ್ತೆ.

ನಮ್ಮವರ ಮನೆ ಅಂದಮೇಲೆ ಇದನ್ನೂ ಹೇಳಬೇಕು. ಕಿಟಕಿ ಮುಚ್ಚಿದ ಮನೆಯಲ್ಲಿ ಒಣ ಮೆಣಸಿನಕಾಯಿ ಒಗ್ಗರಣೆ ಹಾಕಿದರೆ ನಮಗೇ ಕೆಮ್ಮು ತಡೆಯಲಾಗುವುದಿಲ್ಲ, ಆ ಹಾವಿನ ಪಾಡು ಯೋಚಿಸಿ. ಊದಿನಕಡ್ಡಿ, ಸಾಂಬ್ರಾಣಿ, ರೂಮ್ ಫ್ರೆಶ್ನರ್ ಆ ಕೋಣೆಯಲ್ಲಿ ಬೇಡ. ವಿಕ್ಸ್ ಬೇಡ, ನೀಲಗಿರಿ ಎಣ್ಣೆಯ ಹಬೆಯೂ ಬೇಡ. ಮನೆಯಲ್ಲಿ ಉಳಿದ ಆಂಟಿಬಯೋಟಿಕ್ ಮಾತ್ರೆ ಪುಡಿ ಮಾಡಿ ಕೊಡುವುದಂತೂ ಬೇಡವೇ ಬೇಡ.

ನಾಯಿ ಬೆಕ್ಕು ನೋಡುವ ಎಲ್ಲ ವೆಟ್‌ಗಳೂ ಹಾವು ನೋಡುವುದಿಲ್ಲ, ಫೋನ್ ಮಾಡಿ ಮೊದಲೇ ಕೇಳಿ. ಸರೀಸೃಪ ನೋಡುವ ವೆಟ್‌ಗಳ ಸಂಘ ಅಲ್ಲಿದೆ, ಎ.ಆರ್.ಎ.ವಿ. ಅಂತ, ಅವರ ವೆಬ್‌ಸೈಟಿನಲ್ಲಿ ಊರಿನ ಪ್ರಕಾರ ಹುಡುಕಬಹುದು. ಹೊರಡುವ ಮುಂಚೆ ಆ ಸದ್ದಿನ ವಿಡಿಯೋ ಮಾಡಿಕೊಳ್ಳಿ, ವೆಟ್ ಮುಂದೆ ಹಾವು ಸುಮ್ಮನಿದ್ದುಬಿಡುವುದು ಮಾಮೂಲು. ಹಾವನ್ನು ದಿಂಬಿನ ಕವರ್‌ಗೆ ಬಿಟ್ಟು ಕವರಿನ ಬಾಯಿ ಕಟ್ಟಿ, ಗಾಳಿ ಆಡುವ ಥರ್ಮಾಕೋಲ್ ಡಬ್ಬಿಯಲ್ಲಿಟ್ಟು, ಕಾರು ಬಿಸಿ ಆದಮೇಲೆ ಒಯ್ಯಿರಿ.

ವೆಟ್ ಏನು ಮಾಡಬಹುದು? ಎಕ್ಸ್‌ರೇ ತೆಗೆಯಬಹುದು. ಹಾವಿನ ಬಾಯಿ ತೆರೆದರೆ ನಾಲಿಗೆಯ ಚೀಲದ ಹಿಂದೆ, ಕೆಳದವಡೆಯ ಮೇಲೇ, ತೆರೆದು ಮುಚ್ಚುವ ಒಂದು ಸಣ್ಣ ಸೀಳು ಕಾಣುತ್ತೆ. ಅದು ಶ್ವಾಸನಾಳದ ಬಾಯಿ. ಅದರೊಳಗೆ ತೆಳು ಕೊಳವೆ ಇಳಿಸಿ, ಒಂದಿಷ್ಟು ಸಲೈನ್ ಬಿಟ್ಟು ವಾಪಸ್ ಎಳೆದು ಲ್ಯಾಬಿಗೆ ಕಳಿಸುತ್ತಾರೆ. ಸ್ಯೂಡೊಮೊನಾಸ್, ಏರೊಮೊನಾಸ್ ಥರದ ಬ್ಯಾಕ್ಟೀರಿಯಾ ಸಿಗುವುದು ಜಾಸ್ತಿ. ಯಾವ ಔಷಧಿಗೆ ಬಗ್ಗುತ್ತೆ ಅಂತ ನೋಡದೆ ಕೊಟ್ಟರೆ ಹಣವೂ ದಂಡ, ವಾರಗಳೂ ದಂಡ, ಹಾಗಾಗಿ ಈ ಪರೀಕ್ಷೆಗೆ ದುಡ್ಡು ನೋಡಬೇಡಿ ಅನ್ನುತ್ತೇನೆ.

ಸೆಫ್ಟಾಜಿಡೈಮ್ ಅನ್ನುವ ಆಂಟಿಬಯೋಟಿಕ್ ಇಂಜೆಕ್ಷನ್ ಬರೆದುಕೊಡುವುದು ಸಾಮಾನ್ಯ. ಹಾವಿನ ಮೈಯಲ್ಲಿ ಅದು ನಿಧಾನಕ್ಕೆ ಕರಗುವುದರಿಂದ 72 ಗಂಟೆಗೊಮ್ಮೆ ಸಾಕಾಗುತ್ತೆ. ತೂಕಕ್ಕೆ ತಕ್ಕ ಹಾಗೆ ಸಿರಿಂಜ್ ತುಂಬಿ ಕೊಡುತ್ತಾರೆ, ಫ್ರೀಜರ್‌ನಲ್ಲಿಡಿ ಅನ್ನುತ್ತಾರೆ. ಚುಚ್ಚುವುದು ಮೈಯ ಮುಂದಿನ ಮೂರನೇ ಒಂದು ಭಾಗದಲ್ಲಿ, ಬೆನ್ನುಮೂಳೆಯ ಪಕ್ಕದ ಮಾಂಸಕ್ಕೆ, ಚಿಪ್ಪು ಚಿಪ್ಪಿನ ನಡುವೆ ಸೂಜಿ ತೂರಿಸಿ. ಮೊದಲ ಸಲ ವೆಟ್ ಎದುರಿಗೇ ನೀವು ಕೊಟ್ಟು ಕಲಿಯಿರಿ. ಮಗ ಹಿಡಿದುಕೊಳ್ಳಲಿ, ನೀವು ಚುಚ್ಚಿ. ಒಂದೆರಡು ಡೋಸ್ ಆದಮೇಲೆ ಸದ್ದು ನಿಲ್ಲಬಹುದು, ಆಗ ನಿಲ್ಲಿಸಿದರೆ ಕೆಲಸ ಕೆಟ್ಟಿತು. ಹೇಳಿದಷ್ಟನ್ನೂ ಮುಗಿಸಿ.

ತಿನ್ನುತ್ತಿಲ್ಲ ಅಂತ ಹೆದರಬೇಡಿ. ದೊಡ್ಡ ಬಾಲ್ ಪೈಥಾನ್ ವಾರಗಟ್ಟಲೆ ಉಪವಾಸ ಇರಬಲ್ಲದು. ಬಾಯಿಗೆ ತುರುಕುವುದು ಬೇಡ, ಉಸಿರು ಕಟ್ಟುತ್ತಿರುವಾಗ ಇಲಿ ನುಂಗಿಸುವುದು ಅಪಾಯ. ಕುಡಿಯಲು ನೀರು ದಿನಾ ಬದಲಿಸಿ, ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ಡಬ್ಬಿ ಸಮೇತ ತೂಗಿ ಬರೆದಿಡಿ. ಉಸಿರು ಸರಿಹೋದ ಮೇಲೆ ಮಾಮೂಲಿಗಿಂತ ಚಿಕ್ಕ ಇಲಿಯಿಂದ ಶುರು ಮಾಡಿ.

ಮನೆಯಲ್ಲಿ ಬೇರೆ ಹಾವು ಇದ್ದರೆ ಇದನ್ನು ಬೇರೆ ಕೋಣೆಗೆ ಸಾಗಿಸಿ, ಕೆಲಸವೆಲ್ಲ ಇದರದ್ದು ಕೊನೆಗೆ ಮಾಡಿ, ಇಕ್ಕಳ ತಟ್ಟೆ ಬೇರೆ ಇಡಿ. ಕಾರಣ ನಿಡೋವೈರಸ್, ಇಂಥದ್ದೇ ಉಸಿರಾಟದ ರೋಗ ತಂದು ಹಾವಿನಿಂದ ಹಾವಿಗೆ ಹರಡುವ ವೈರಸ್. ಬಾಲ್ ಪೈಥಾನ್‌ಗಳಲ್ಲಿ ಇದನ್ನು ಮೊದಲು ವಿವರಿಸಿದ್ದು 2014ರಲ್ಲಿ. ಆಂಟಿಬಯೋಟಿಕ್ ಇದಕ್ಕೆ ನಾಟುವುದಿಲ್ಲ, ಜೊತೆಗೆ ಸೇರಿಕೊಂಡ ಬ್ಯಾಕ್ಟೀರಿಯಾವನ್ನಷ್ಟೇ ತಗ್ಗಿಸುತ್ತೆ. ಶಾಖ ಸರಿಯಿದ್ದು, ಕೋರ್ಸ್ ಮುಗಿದು, ಮತ್ತೆ ಅದೇ ಕಟ್ ಕಟ್ ಶುರುವಾದರೆ ಇನ್ನೊಂದು ಆಂಟಿಬಯೋಟಿಕ್ ಕೇಳುವ ಮುಂಚೆ ಈ ವೈರಸ್‌ಗೆ ಪಿಸಿಆರ್ ಮಾಡಿಸಿ ಅಂತ ವೆಟ್‌ಗೆ ಹೇಳಿ.

ಊರಿನಿಂದ ಓದುತ್ತಿರುವವರಿಗೆ ಒಂದು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವಾಗ ನಾಗರ, ಕೇರೆ ಇವನ್ನೆಲ್ಲ ಮನೆಯಲ್ಲಿ ಸಾಕುವಂತಿಲ್ಲ, ಹುಷಾರಿಲ್ಲದ್ದು ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ. ಬಾಲ್ ಪೈಥಾನ್ ಥರದ ಹೊರದೇಶದ್ದು ಇಟ್ಟುಕೊಂಡವರು ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡಿರಬೇಕು.