ಫೀಡಿಗೆ ಬೆರೆಸಿದ್ದು ಸಿಗಡಿಯ ಹೊಟ್ಟೆಗೆ ಹೋಗುತ್ತಿದೆಯಾ?

ಕುಮಟಾ, ಅಂಕೋಲಾ ಕಡೆಯ ಸಿಗಡಿ ಕೃಷಿಕರು ನನ್ನನ್ನು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ: "ಸರ್, ವಿಬ್ರಿಯೋಗೆ ಯಾವ ಪುಡಿ ಒಳ್ಳೆಯದು?" ವಿಬ್ರಿಯೋ ಎಂದರೆ ಸಿಗಡಿಗೆ ರೋಗ ತರುವ ಬ್ಯಾಕ್ಟೀರಿಯಾ. ನಾನು ತಿರುಗಿ ಕೇಳುತ್ತೇನೆ, ಈಗ ಇರೋ ಪುಡಿಯನ್ನ ಫೀಡಿಗೆ ಹೇಗೆ ಬೆರೆಸುತ್ತಿದ್ದೀರಿ?

ಕೆರೆಯಲ್ಲಿ ಸಾಕುವ ವನ್ನಾಮಿ ಜಾತಿಯ ಸಿಗಡಿ ಮೀನಿನ ಹಾಗೆ ಗಬಕ್ಕನೆ ನುಂಗುವುದಿಲ್ಲ. ಫೀಡಿನ ಕಾಳನ್ನು ಹಿಡಿದುಕೊಂಡು ನಿಧಾನಕ್ಕೆ ಕಡಿದು ತಿನ್ನುತ್ತದೆ. ಬೈಂಡರ್ (ಪುಡಿಯನ್ನು ಕಾಳಿಗೆ ಹಿಡಿದಿಡುವ ಅಂಟು) ಇಲ್ಲದೆ ಸುಮ್ನೆ ಮೇಲೆ ಉದುರಿಸಿದ ವಿಟಮಿನ್ ಸಿ ಅಷ್ಟರಲ್ಲಿ ಕೆರೆಯ ನೀರಿಗೆ ಸೇರಿರುತ್ತದೆ. ಪುಡಿಯನ್ನು ಸ್ವಲ್ಪವೇ ನೀರಿನಲ್ಲಿ ಕಲಸಿ, ಫೀಡ್ ಮುದ್ದೆಯಾಗದಂತೆ ಬೆರೆಸಿ, ಮೇಲೆ ಬೈಂಡರ್ ಲೇಪಿಸಿ ನೆರಳಿನಲ್ಲಿ ಒಣಗಿಸಿ. ಬಿಸಿಲು ಬೇಡ, ವಿಟಮಿನ್ ಹಾಳಾಗುತ್ತದೆ. ಪ್ರೊಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾ ಇರುವ ಪುಡಿ) ಆದರೆ ಕ್ಲೋರಿನ್ ಹಾಕಿದ ನಲ್ಲಿ ನೀರನ್ನು ಬಳಸಬೇಡಿ. ಬೆಳಿಗ್ಗೆ ಪ್ರೊಬಯಾಟಿಕ್ ಕೊಟ್ಟು ಸಂಜೆ ಕೆರೆಗೆ ಅಯೋಡಿನ್ ಸುರಿಯುವವರೂ ಇದ್ದಾರೆ. ದುಡ್ಡು ಕೊಟ್ಟು ತಂದ ಬ್ಯಾಕ್ಟೀರಿಯಾವನ್ನು ನಾವೇ ಕೊಂದ ಹಾಗೆ ಅಲ್ವಾ?

ಸಿಗಡಿಯ ದೇಹ ನಮ್ಮ ಹಾಗೆ ಆ್ಯಂಟಿಬಾಡಿ ಮಾಡುವುದಿಲ್ಲ. ಹಾಗಾಗಿ ಮೀನಿಗೆ ಕೊಡುವಂಥ ಲಸಿಕೆಯನ್ನು ಇದಕ್ಕೆ ನೆಚ್ಚಿಕೊಳ್ಳುವಂತಿಲ್ಲ. ಕರುಳಿನಲ್ಲಿ ಯಾರು ಜಾಗ ಹಿಡಿಯುತ್ತಾರೆ ಅನ್ನುವುದೇ ಮುಖ್ಯವಾಗುತ್ತದೆ. ಬ್ಯಾಸಿಲಸ್ ಜಾತಿಯ ಪ್ರೊಬಯಾಟಿಕ್ ವಿಬ್ರಿಯೋಗೆ ಅಲ್ಲಿ ಜಾಗ ಬಿಡದಂತೆ ನೋಡುತ್ತದೆ. ಆರ್ಗ್ಯಾನಿಕ್ ಆಸಿಡ್ ಅದರ ಬೆಳವಣಿಗೆಯನ್ನು ತಡೆಯುತ್ತದೆ. ಬೀಟಾ ಗ್ಲುಕಾನ್ ರಕ್ಷಣಾ ಕಣಗಳನ್ನು ಚುರುಕು ಮಾಡುತ್ತದೆ, ಆದರೆ ದಿನವೂ ಜಾಸ್ತಿ ಕೊಟ್ಟರೆ ಆ ಚುರುಕು ಇಳಿಯಬಹುದು. ನಾನು ಬಿಟ್ಟು ಬಿಟ್ಟು ಕೊಡಿ ಅನ್ನುತ್ತೇನೆ.

ಇವುಗಳಿಗೂ ಮಿತಿ ಇದೆ. ಇಎಂಎಸ್ (ಅರ್ಲಿ ಮಾರ್ಟಾಲಿಟಿ ಸಿಂಡ್ರೋಮ್, ಮರಿಗಳು ಬೇಗನೆ ಸಾಯುವುದು) ಎಂದು ಕರೆಯುವ ರೋಗಕ್ಕೆ ವಿಷ ತಯಾರಿಸುವ ವಿಬ್ರಿಯೋ ಪ್ಯಾರಾಹೀಮೋಲಿಟಿಕಸ್ ಕಾರಣ ಎಂದು 2013ರಲ್ಲಿ ಗೊತ್ತಾಯಿತು. ಅದು ಹೆಚ್ಚಾಗಿ ಕಾಡುವುದು ಮರಿ ಬಿಟ್ಟ ಮೊದಲ 30–35 ದಿನಗಳಲ್ಲಿ. ಆಗ ಫೀಡ್ ಕೊಡುವುದೇ ಕಡಿಮೆ, ಮರಿ ಕೆರೆಯಲ್ಲಿ ಸಿಕ್ಕಿದ್ದನ್ನೂ ತಿನ್ನುತ್ತಿರುತ್ತದೆ. ಪುಡಿ ಎಷ್ಟು ತಾನೇ ಒಳಗೆ ಹೋದೀತು? ಆ ಹಂತದಲ್ಲಿ ದುಡ್ಡನ್ನು ಪಿಸಿಆರ್ ಪರೀಕ್ಷೆ (ರೋಗಾಣು ಇದೆಯೇ ಎಂದು ಲ್ಯಾಬಿನಲ್ಲಿ ನೋಡುವುದು) ಆದ ಮರಿಗೆ, ಕೆರೆಯ ತಳ ಒಣಗಿಸುವುದಕ್ಕೆ ಹಾಕಿ.

ಇನ್ನೊಂದು, ಲೇಬಲ್‌ನಲ್ಲಿ ಏನಿದೆ ಎಂದೇ ಬರೆಯದ 'ಗಟ್ ಟಾನಿಕ್' ಮುಟ್ಟಬೇಡಿ. ಒಳಗೆ ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್‌ನಂಥ ನಿಷೇಧಿತ ಆ್ಯಂಟಿಬಯಾಟಿಕ್ ಇದ್ದರೆ ರಫ್ತಿನ ಮಾಲು ವಾಪಸ್ ಬರುತ್ತದೆ.

ಚೆಕ್ ಟ್ರೇಯಲ್ಲಿ (ಸಿಗಡಿ ಎಷ್ಟು ತಿಂದಿದೆ ಎಂದು ನೋಡಲು ಕೆರೆಯಲ್ಲಿ ಇಳಿಬಿಡುವ ತಟ್ಟೆ) ಫೀಡ್ ಉಳಿಯತೊಡಗಿದರೆ ಪುಡಿ ಹೆಚ್ಚಿಸುವುದಲ್ಲ, ಫೀಡ್ ಇಳಿಸಬೇಕು. ತಿನ್ನದೆ ಉಳಿದದ್ದು ತಳದಲ್ಲಿ ಕೊಳೆತು ವಿಬ್ರಿಯೋಗೇ ಊಟವಾಗುತ್ತದೆ. ನೀರಿಗೆ ಗಾಳಿ ಬೆರೆಸುವ ಏರಿಯೇಟರ್ ನಿಲ್ಲಿಸಬೇಡಿ. ಕರುಳು ಖಾಲಿ, ಲಿವರ್ ಬಿಳಚಿದ ಹಾಗೆ ಕಂಡರೆ ಅದೇ ದಿನ ಲ್ಯಾಬಿಗೆ ಒಯ್ಯಿರಿ. ಸತ್ತದ್ದನ್ನಲ್ಲ, ಬಳಲಿದ ಜೀವಂತ ಸಿಗಡಿಯನ್ನು. ಸತ್ತದ್ದರಲ್ಲಿ ಎಲ್ಲ ಬಗೆಯ ಬ್ಯಾಕ್ಟೀರಿಯಾ ಬೆಳೆದಿರುತ್ತದೆ, ಕಾರಣ ಯಾವುದೆಂದು ಹೇಳಲಾಗುವುದಿಲ್ಲ.